ಐದೂವರೆಯ ನೀರು

ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕ್ರಾಂತಿಯ ನೆನಪಿನಲ್ಲಿ ಉಳಿದದ್ದು ಒಂದೇ. ವಾರಕ್ಕೊಮ್ಮೆ ಬೆಳಗಿನ ಐದೂವರೆಗೆ ಕೆರೆಯ ದಂಡೆಯ ಮೇಲೆ ಇರಬೇಕಾಗುತ್ತದೆ, ಆಗುತ್ತದೆಯೇ ಎಂದು ಮೇಜಿನ ಆಚೆ ಕೂತಿದ್ದ ಮೂವರಲ್ಲಿ ಒಬ್ಬರು ಕೇಳಿದ್ದರು. ಹೆಣ್ಣುಮಗಳು ಎಂಬ ಮಾತನ್ನು ಅವರು ಬಾಯಿಬಿಟ್ಟು ಆಡಿರಲಿಲ್ಲ, ಆದರೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತ್ತು. ಪ್ರಶ್ನೆ ಮುಗಿಯುವ ಮುಂಚೆಯೇ ಅವಳು ಆಗುತ್ತದೆ ಸರ್ ಎಂದಿದ್ದಳು.

ಕೆಲಸ ಸಿಕ್ಕಿತು. ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಯವರು ಈ ಒಣಸೀಮೆಯ ಆರು ಕೆರೆಗಳನ್ನು ಆರಿಸಿಕೊಂಡಿದ್ದರು. ಬಿಸಿಲು ಏರುತ್ತ, ಮಳೆಗಾಲ ಅಡ್ಡಾದಿಡ್ಡಿಯಾಗುತ್ತ ಹೋದ ಹಾಗೆ ಇಲ್ಲಿನ ಮೀನುಗಾರಿಕೆ ಏನಾಗುತ್ತದೆ ಎಂದು ಐದು ವರ್ಷ ನೋಡುವುದು ಅವರ ಉದ್ದೇಶ. ಕ್ರಾಂತಿಯ ಪಾಲಿಗೆ ಬಂದದ್ದು ಕೂಡ್ಲಿಗಿ ಕಡೆಯ ಮುತ್ತುಗದಕಟ್ಟೆ ಕೆರೆ, ಕೊಟ್ಟೂರಿನ ಅವಳ ಮನೆಯಿಂದ ಹದಿನೆಂಟು ಕಿಲೋಮೀಟರ್. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ನಾಲ್ಕು ವರ್ಷ ಟ್ಯೂಷನ್ ಹೇಳಿಕೊಂಡಿದ್ದವಳಿಗೆ ಇದು ಮೊದಲ ಸಂಬಳದ ಕೆಲಸ. ಅವಳ ತಂದೆ ದುರುಗಪ್ಪ ಕೊಟ್ಟೂರು ಸ್ಟೇಷನ್ನಿನ ಆಚೀಚೆಯ ಹಳಿಗಳ ಮೇಲೆ ಗ್ಯಾಂಗ್‌ಮನ್ ಆಗಿ ಮೂವತ್ತನಾಲ್ಕು ವರ್ಷ ನಡೆದು ನಿವೃತ್ತರಾದವರು. ನೇಮಕದ ಕಾಗದವನ್ನು ಎರಡು ಸಲ ಓದಿಸಿಕೊಂಡು ಕೇಳಿ, ಮೂರನೆಯ ಸಲ ಕನ್ನಡಕ ಹಾಕಿಕೊಂಡು ತಾವೇ ಓದಿದ್ದರು.

ಕೆಲಸವನ್ನು ಹೇಳಿಕೊಟ್ಟವರು ಗೀತಾಂಜಲಿ ಮೇಡಂ, ಆ ಅಧ್ಯಯನದ ಮುಖ್ಯಸ್ಥೆ. ಒಂದು ದಿನ ಬಂದು ಕೆರೆಯ ತೂಬಿನ ಹತ್ತಿರ ನಿಂತು ಮೀಟರಿನ ವೈರನ್ನು ನೀರಿಗೆ ಇಳಿಸಿ ತೋರಿಸಿದ್ದರು. ನೀರಿನ ಬಿಸಿ, ನೀರಿನಲ್ಲಿ ಕರಗಿದ ಆಮ್ಲಜನಕ, ನೀರು ಎಷ್ಟು ಆಳದವರೆಗೆ ತಿಳಿಯಾಗಿದೆ, ಆ ವಾರ ಯಾವ ಮೀನು ಎಷ್ಟು ಸಿಕ್ಕಿತು, ಇಷ್ಟೇ. ಆದರೆ ವಾರದ ಆ ಒಂದು ದಿನ ಎರಡು ಹೊತ್ತು, ನಸುಕಿನಲ್ಲೊಮ್ಮೆ ಮಧ್ಯಾಹ್ನ ಎರಡಕ್ಕೊಮ್ಮೆ. ಬಿಸಿಲಿನಲ್ಲಿ ಪಾಚಿ ನೀರಿಗೆ ಉಸಿರು ಕೊಡುತ್ತದೆ, ಕತ್ತಲಾದ ಮೇಲೆ ಅದೇ ಪಾಚಿ ಆ ಉಸಿರನ್ನು ಎಳೆದುಕೊಳ್ಳುತ್ತದೆ, ಕೆರೆಯ ನಿಜವಾದ ಆರೋಗ್ಯ ತಿಳಿಯುವುದು ನಸುಕಿನಲ್ಲೇ ಎಂದು ಅವರು ಒತ್ತಿ ಹೇಳಿದ್ದರು. ಆಮ್ಲಜನಕದ ಅಂಕಿ ನಾಲ್ಕಕ್ಕಿಂತ ಇಳಿದರೆ ಮೀನಿಗೆ ಕಷ್ಟ, ಮಧ್ಯಾಹ್ನದ ಅಂಕಿ ಚೆನ್ನಾಗಿದ್ದಷ್ಟೂ ಅನುಮಾನ ಪಡಬೇಕು ಎಂದೂ ಹೇಳಿದ್ದರು. ಕ್ರಾಂತಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

ಮೊದಲ ಏಳು ತಿಂಗಳು ಅವಳು ತಪ್ಪದೆ ಹೋದಳು. ನಾಲ್ಕೂವರೆಗೆ ಎದ್ದು, ಸ್ಕೂಟಿಯ ಮೇಲೆ ಕತ್ತಲಲ್ಲಿ ಜಾಲಿ ಗಿಡಗಳ ನಡುವಿನ ದಾರಿ ಹಿಡಿದು ಕೆರೆ ಏರಿಯ ಮೇಲೆ ಹೋಗಿ ನಿಂತರೆ ಅಲ್ಲಿ ಆಗಲೇ ಒಬ್ಬ ಮನುಷ್ಯ ಇರುತ್ತಿದ್ದ. ಗಾಳೆಪ್ಪ. ಅರವತ್ತರ ಆಸುಪಾಸಿನ, ಸಣಕಲು ಮೈಯ ಮೀನುಗಾರ. ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಹರಿಗೋಲಿನಲ್ಲಿ ಕೂತು ಎತ್ತುತ್ತಿದ್ದ. ಮಾತು ಕಡಿಮೆ. ಅವಳು ಮೀಟರ್ ಇಳಿಸುವಾಗ ತಾನೂ ಅಂಗೈಯಲ್ಲಿ ನೀರು ತೆಗೆದುಕೊಂಡು ಮೂಸಿ, ಇವತ್ತು ನೀರು ಹಗುರ ಐತಿ, ಇವತ್ತು ಭಾರ ಐತಿ ಎನ್ನುತ್ತಿದ್ದ. ಅವನು ಭಾರ ಎಂದ ದಿನ ಮೀಟರಿನ ಅಂಕಿ ಇಳಿದಿರುತ್ತಿತ್ತು. ಇದನ್ನು ಒಂದು ದಿನ ಮೇಡಂಗೆ ಹೇಳಬೇಕು ಎಂದು ಅವಳು ಅಂದುಕೊಂಡಿದ್ದಳು.

ಜನವರಿಯ ಒಂದು ನಸುಕಿನಲ್ಲಿ ಒಂದು ಬೈಕು ಅವಳ ಹಿಂದೆ ಬಂತು. ಮುಂದೆ ಹೋಗಲು ಅವಳು ಬದಿಗೆ ಸರಿದರೂ ಹೋಗಲಿಲ್ಲ. ಅವಳು ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸಿತು, ಕಡಿಮೆ ಮಾಡಿದರೆ ಅದೂ ಕಡಿಮೆ ಮಾಡಿತು. ಕೆರೆಯ ತಿರುವು ಬಂದಾಗ ನೆಟ್ಟಗೆ ಹೊರಟುಹೋಯಿತು. ಮುಂದಿನ ವಾರವೂ ಹಾಗೇ ಆಯಿತು. ಮೂರನೆಯ ವಾರ ಬೈಕಿನವನು ದೀಪ ಆರಿಸಿಕೊಂಡು ಬಂದ. ಅವಳು ಹೆದರಿ ಗಾಡಿ ಮಣ್ಣಿಗೆ ಇಳಿಸಿ ಬಿದ್ದಳು. ಮೊಣಕೈ ತರಚಿತು, ಮೀಟರಿನ ಡಬ್ಬಿ ಉರುಳಿತು. ಅವನು ನಿಲ್ಲಿಸದೆ ಹೋದ. ಆದದ್ದು ಇಷ್ಟೇ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಹೇಳಿದರೆ ಕೆಲಸ ಬಿಡು ಎನ್ನುತ್ತಾರೆ, ಮೇಡಂಗೆ ಹೇಳಿದರೆ ಆ ಮೇಜಿನ ಆಚೆಯ ಮನುಷ್ಯ ಕೇಳಿದ್ದೇ ಸರಿ ಎಂದಾಗುತ್ತದೆ.

ಅಂದಿನಿಂದ ಅವಳು ಒಂಬತ್ತರ ಬಸ್ಸಿಗೆ ಹೋಗತೊಡಗಿದಳು. ಮಧ್ಯಾಹ್ನದ ಅಳತೆಯನ್ನು ಸರಿಯಾಗಿಯೇ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಬೇವಿನ ಮರದ ಕೆಳಗೆ ಕೂತು ಫೋನಿನಲ್ಲಿ ಫಾರಂ ತುಂಬುವಾಗ, ಹಿಂದಿನ ಏಳು ತಿಂಗಳ ಅಂತರ ನೋಡಿ ಮಧ್ಯಾಹ್ನದ ಆಮ್ಲಜನಕದ ಅಂಕಿಯಿಂದ ಮೂರೋ ಮೂರೂವರೆಯೋ ಕಳೆದು, ಐದೂವರೆ ಎಂದಿದ್ದ ಅಂಕಣದಲ್ಲಿ ಹಾಕುತ್ತಿದ್ದಳು. ಮೊದಲ ಸಲ ಕಳಿಸುವ ಗುಂಡಿ ಒತ್ತಲು ಹತ್ತು ನಿಮಿಷ ಹಿಡಿಯಿತು. ನಾಲ್ಕನೆಯ ವಾರದ ಹೊತ್ತಿಗೆ ಬಸ್ಸಿನ ಟಿಕೆಟಿಗೆ ಚಿಲ್ಲರೆ ಹುಡುಕುವುದಕ್ಕಿಂತ ಅದು ಸುಲಭವಾಗಿತ್ತು.

ಆ ವರ್ಷದ ಕೆರೆ ಹಿಂದಿನ ವರ್ಷಗಳ ಕೆರೆಯಾಗಿರಲಿಲ್ಲ. ಅದಕ್ಕೂ ಮೊದಲಿನ ವರ್ಷ ಮಳೆಯೇ ಬಾರದೆ, ತೂಬಿನ ಮುಂದೆ ಉಳಿದ ಒಂದಿಷ್ಟು ನೀರು ಬಿಟ್ಟರೆ ಕೆರೆಯಂಗಳದಲ್ಲಿ ಕುರಿ ಮೇಯುತ್ತಿದ್ದವು. ಆಮೇಲೆ ಅಕ್ಟೋಬರಿನ ಒಂದೇ ವಾರದಲ್ಲಿ ಇಡೀ ವರ್ಷದ ಮಳೆ ಸುರಿದು, ಸುತ್ತಲಿನ ಮೆಕ್ಕೆಜೋಳದ ಹೊಲಗಳ ಗೊಬ್ಬರ ಮಣ್ಣನ್ನೆಲ್ಲ ತೊಳೆದು ತಂದು ಕೆರೆಗೆ ಸುರಿಯಿತು. ಮೀನುಗಾರರ ಸಂಘದವರು ಟಿ.ಬಿ. ಡ್ಯಾಮಿನಿಂದ ಕಾಟ್ಲಾ, ರೋಹು ಮರಿ ತಂದು ಬಿಟ್ಟರು. ಮೀನು ನೋಡನೋಡುತ್ತ ಬೆಳೆದವು. ಹೊಸಪೇಟೆಗೆ ಕೂಲಿಗೆ ಹೋಗಿದ್ದವರು ಊರಿಗೆ ಮರಳಿದರು. ಮಾರ್ಚ್ ಬರುವ ಹೊತ್ತಿಗೆ ನೀರು ಪಾಲಕ್ ಸೊಪ್ಪು ಬೇಯಿಸಿದ ನೀರಿನ ಹಾಗೆ ಹಸಿರುಗಟ್ಟಿತ್ತು. ತನ್ನ ಸಣ್ಣ ವಯಸ್ಸಿನಲ್ಲಿ ತೂಬಿನ ಬಳಿ ಎರಡಾಳು ಆಳವಿತ್ತು, ಈಗ ಹೂಳು ತುಂಬಿ ಒಂದಾಳೂ ಇಲ್ಲ, ಬಿಸಿಲು ನೆಲದವರೆಗೂ ಹೋಗಿ ನೀರು ಕಾಯುತ್ತದೆ ಎಂದು ಗಾಳೆಪ್ಪ ಅಂದದ್ದುಂಟು. ಪಕ್ಕಿಮೀನು, ಹಾವುಮೀನು ಎಲ್ಲ ಹೋಗಿ ಈಗ ತಂದು ಬಿಟ್ಟ ಮೀನಷ್ಟೇ ಉಳಿದಿವೆ, ತನ್ನಷ್ಟಕ್ಕೆ ತಾನು ಬದುಕಿರುವುದು ಕೊರಮೀನು ಒಂದೇ ಎಂದೂ ಅಂದಿದ್ದ.

ಸಂಘದ ಅಧ್ಯಕ್ಷ ಪಾಲಾಕ್ಷಪ್ಪನಿಗೆ ಅಂಕಿಗಳೆಂದರೆ ಇಷ್ಟ. ಸಂಘದ ಕೋಣೆಯ ಗೋಡೆಗೆ ಕಪ್ಪು ಬಣ್ಣ ಬಳಿಸಿ, ಕ್ರಾಂತಿಯ ಅಂಕಿಗಳನ್ನು ವಾರವಾರ ಅಲ್ಲಿ ಬರೆಸುತ್ತಿದ್ದ. ಊರಿನವರು ಅವಳನ್ನು ಕೆರಿ ಡಾಕ್ಟರ್ ಎಂದು ಕರೆಯುತ್ತಿದ್ದರು. ಸುಳ್ಳು ಅಂಕಿಗಳ ತಿಂಗಳುಗಳಲ್ಲಿ ಆ ಹೆಸರು ಕೇಳಿದಾಗೆಲ್ಲ ಅವಳು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದಳು.

ಏಪ್ರಿಲ್ ಮೊದಲ ವಾರ ಸಂಘದ ಸಭೆಯಲ್ಲಿ ಗಾಳೆಪ್ಪ ಎದ್ದು ನಿಂತ. ಮೀನುಗಳು ನಸುಕಿನಲ್ಲಿ ಬಾಯಿ ಮೇಲೆ ಮಾಡಿ ಗಾಳಿ ಎಳೆಯುತ್ತಿವೆ, ಸಣ್ಣವಾದರೂ ಸರಿ, ಅರ್ಧದಷ್ಟನ್ನಾದರೂ ಈಗಲೇ ತೆಗೆಯೋಣ ಎಂದ. ಉಳಿದವರಿಗೆ ಅದು ಹಿಡಿಸಲಿಲ್ಲ. ಇನ್ನೊಂದು ತಿಂಗಳು ಬಿಟ್ಟರೆ ತೂಕ ಒಂದೂವರೆಪಟ್ಟು ಆಗುತ್ತದೆ, ಎರಡು ವರ್ಷ ಖಾಲಿ ಕೂತಿದ್ದೇವೆ ಎಂದರು. ಪಾಲಾಕ್ಷಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಕ್ರಾಂತಿಯ ಕಡೆ ತಿರುಗಿದ. ಇಪ್ಪತ್ತು ಜನ ತಿರುಗಿದರು.

ಅವಳು ನಸುಕಿನ ನೀರು ನೋಡಿ ಹನ್ನೊಂದು ವಾರಗಳಾಗಿದ್ದವು. ನಾಳೆ ಬೆಳಿಗ್ಗೆ ಬಂದು ನೋಡಿ ಹೇಳುತ್ತೇನೆ ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಲು ನಾಲಿಗೆಯವರೆಗೂ ಬಂದಿತ್ತು ಎಂದು ಅವಳು ಮುಂದೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಅದು ನಿಜವೋ ಅಲ್ಲವೋ ಅವಳಿಗೇ ಗೊತ್ತಿಲ್ಲ.

“ಮೀಟರ್ ಪ್ರಕಾರ ನಸುಕಿನ್ಯಾಗೂ ನಾಕರ ಮ್ಯಾಲೆ ಐತ್ರಿ,” ಎಂದಳು. “ಹೆದರೋ ಅಂಥಾದ್ದೇನಿಲ್ಲ.”

ಗಾಳೆಪ್ಪ ಅವಳನ್ನೇ ನೋಡುತ್ತ, ಸಿಟ್ಟಿಲ್ಲದೆ, “ನೀ ನಸುಕಿನ್ಯಾಗ ಬಂದು ಭಾಳ ದಿನ ಆತಲ್ಲವ್ವ,” ಎಂದ.

ಅವಳ ಕಿವಿ ಬಿಸಿಯಾದವು.

“ನಾ ಈಗ ಕೋಡಿ ಕಡಿ ದಂಡಿಗೆ ಬರ್ತೀನಿ, ತೂಬಿನ ಹಂತ್ಯಾಕ ಬರಂಗಿಲ್ಲ,” ಎಂದಳು. “ನಿಮಗ ಕಂಡಿರಲಿಕ್ಕಿಲ್ಲ.”

ಯಾರೋ ನಕ್ಕರು. ಮುದುಕನಿಗೆ ಕಣ್ಣಿನ ಆಪರೇಷನ್ ಮಾಡಿಸಬೇಕು ಎಂದು ಇನ್ಯಾರೋ ಅಂದರು. ಗಾಳೆಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಮೀನು ತೆಗೆಯುವುದನ್ನು ಒಂದು ತಿಂಗಳು ಮುಂದೆ ಹಾಕಲಾಯಿತು.

ಇಪ್ಪತ್ತು ದಿನ ಕಳೆಯಿತು. ಏಪ್ರಿಲ್ ಕೊನೆಯಲ್ಲಿ ಮೂರು ದಿನ ಮೋಡ ಮುಚ್ಚಿಕೊಂಡು ಗಾಳಿ ನಿಂತುಹೋಯಿತು. ಮಳೆಯೂ ಬರಲಿಲ್ಲ, ಬಿಸಿಲೂ ಬೀಳಲಿಲ್ಲ, ಮನೆಯೊಳಗೆ ಫ್ಯಾನಿನ ಕೆಳಗೂ ಉಸಿರು ಕಟ್ಟುವ ಸೆಕೆ. ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ಪಾಲಾಕ್ಷಪ್ಪ ಫೋನ್ ಮಾಡಿದ. ಅವನು ಏನು ಹೇಳುತ್ತಿದ್ದಾನೆಂದು ತಿಳಿಯಲು ಎರಡು ಸಲ ಕೇಳಬೇಕಾಯಿತು.

ಕೆರೆಯ ಮೇಲೆ ಯಾರೋ ಸುಣ್ಣ ಚೆಲ್ಲಿದ ಹಾಗಿತ್ತು. ಹತ್ತಿರ ಹೋದಾಗ ಅದು ಹೊಟ್ಟೆ ಮೇಲಾಗಿ ತೇಲುತ್ತಿದ್ದ ಕಾಟ್ಲಾ, ರೋಹು. ದೊಡ್ಡವೇ ಮೊದಲು ಸತ್ತಿದ್ದವು. ಅಲೆ ಇಲ್ಲದ ನೀರಿನಲ್ಲಿ ಅವು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ದಂಡೆಯ ತುಂಬ ಜನ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಕ್ರಾಂತಿ ಮೀಟರ್ ಇಳಿಸಿದಳು. ಎಂಟು ಗಂಟೆಗೆ, ಬೆಳಕು ಬಂದು ಎರಡು ತಾಸಾದ ಮೇಲೂ, ಅಂಕಿ ಒಂದಕ್ಕಿಂತ ಕೆಳಗಿತ್ತು. ನೀರಿನಲ್ಲಿ ಉಸಿರೇ ಇರಲಿಲ್ಲ.

ಅವಳ ಕಾಲ ಬುಡದ ಜೊಂಡಿನಲ್ಲಿ ಏನೋ ಹೊರಳಿತು. ಕೊರಮೀನು. ನೀರಿನ ಮೇಲಿನ ಗಾಳಿಯನ್ನೇ ಕುಡಿದು ಬದುಕಬಲ್ಲ ಮೀನು ಅದು. ಅದರಾಚೆ ಇನ್ನೊಂದು. ಕಲ್ಲಿನ ಮೇಲೆ ಕಪ್ಪೆಗಳು ಕೂತಿದ್ದವು. ವಿಷ ಹಾಕಿದ ಕೆರೆಯಲ್ಲಿ ಇವು ಬದುಕುವುದಿಲ್ಲ. ಏನಾಯಿತೆಂದು ಅವಳಿಗೆ ಆ ಕ್ಷಣದಲ್ಲೇ ಪೂರ್ತಿ ತಿಳಿಯಿತು: ಬಿಸಿಲಿಲ್ಲದ ಮೂರು ದಿನದಲ್ಲಿ ಪಾಚಿ ನೀರಿನ ಉಸಿರನ್ನೆಲ್ಲ ಎಳೆದುಕೊಂಡಿತ್ತು.

ಹಿಂದೆ ಗದ್ದಲ ಎದ್ದಿತು. ನಸುಕಿನಲ್ಲಿ ಕೆರೆಯಲ್ಲಿ ಯಾರಿದ್ದರು ಎಂಬ ಮಾತು ಬಂದು, ಗಾಳೆಪ್ಪನ ಹರಿಗೋಲು ಇತ್ತು ಎಂದು ಒಬ್ಬ ಹೇಳಿದ್ದ. ದಿನವೂ ಇರುತ್ತಿದ್ದ ಹರಿಗೋಲೇ ಅದು. ಆದರೆ ಆ ಬೆಳಿಗ್ಗೆ ಜನರಿಗೆ ಒಬ್ಬ ಮನುಷ್ಯ ಬೇಕಾಗಿದ್ದ. ತನ್ನ ಮಾತು ಕೇಳಲಿಲ್ಲವೆಂದು ಹೊಟ್ಟೆಕಿಚ್ಚಿಗೆ ಹೊಲಕ್ಕೆ ಹೊಡೆಯುವ ಔಷಧಿ ಬೆರೆಸಿದ್ದಾನೆ ಎಂದು ಯಾರೋ ಕೂಗಿದರು. ಪಾಲಾಕ್ಷಪ್ಪ ಗಾಳೆಪ್ಪನ ಎದುರು ನಿಂತು, “ಸಾಯ್ತಾವು ಅಂತ ನಿನಗ ಮೊದ್ಲ ಹೆಂಗ ಗೊತ್ತಿತ್ತು?” ಎಂದು ಕೇಳಿದ.

ಗಾಳೆಪ್ಪ ಜೊಂಡಿನ ಕಡೆ ಕೈ ತೋರಿಸಿ, ಕೊರಮೀನು ಬದುಕಿವೆ, ಕಪ್ಪೆ ಬದುಕಿವೆ, ನೋಡಿ ಎಂದ. ಯಾರೂ ಆ ಕಡೆ ನೋಡಲಿಲ್ಲ. ಆಗ ಅವನು ಕ್ರಾಂತಿಯ ಕಡೆ ತಿರುಗಿದ.

“ನೀ ಹೇಳವ್ವ. ನೀ ಓದಿದಾಕಿ ಅದಿ. ಇದು ವಿಷ ಏನು?”

ಮೀಟರ್ ಅವಳ ಕೈಯಲ್ಲೇ ಇತ್ತು. ಅಂಕಿ ಇನ್ನೂ ಅದರ ಮೇಲೇ ಇತ್ತು. ವಿಷ ಅಲ್ಲ ಎಂದರೆ ಮತ್ತೇನು ಎನ್ನುತ್ತಾರೆ. ಉಸಿರು ಕಡಿಮೆಯಾಗಿ ಎಂದರೆ, ಗೋಡೆಯ ಮೇಲೆ ನಾಲ್ಕೂವರೆ ಎಂದು ಬರೆದವರು ಯಾರು ಎನ್ನುತ್ತಾರೆ.

“ನೀರು ಲ್ಯಾಬಿಗೆ ಕಳಿಸಬೇಕ್ರಿ,” ಎಂದಳು. “ರಿಪೋರ್ಟ್ ಬರೋತನ ಏನೂ ಹೇಳಾಕ ಬರಂಗಿಲ್ಲ.”

ತಪ್ಪಿಲ್ಲದ ಮಾತು. ಯಾವ ಅಧಿಕಾರಿಯಾದರೂ ಹಾಗೇ ಹೇಳುತ್ತಿದ್ದ. ಗಾಳೆಪ್ಪ ಅವಳನ್ನು ಒಂದು ಗಳಿಗೆ ನೋಡಿ ತಲೆ ತಗ್ಗಿಸಿದ.

ಪೊಲೀಸರು ಅವನನ್ನು ಕರೆದುಕೊಂಡು ಹೋಗಿ ಎರಡು ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದರು. ಸಾಕ್ಷಿ ಸಿಗದೆ ಬಿಟ್ಟುಕಳಿಸಿದರು. ಅವನು ಊರಿಗೆ ಬಂದಾಗ ಸಂಘದ ಪಟ್ಟಿಯಿಂದ ಅವನ ಹೆಸರು ತೆಗೆದಿದ್ದರು. ಏರಿಯ ಕೆಳಗೆ ಬೋರಲು ಹಾಕಿದ್ದ ಹರಿಗೋಲಿನ ತಳವನ್ನು ಯಾರೋ ಕುಡುಗೋಲಿನಿಂದ ಸೀಳಿದ್ದರು. ವಾರದೊಳಗೆ ಅವನೂ ಹೆಂಡತಿ ಹುಲಿಗೆಮ್ಮನೂ ಹಡಗಲಿ ಕಡೆ ಹೊಳೆ ದಂಡೆಯಲ್ಲಿದ್ದ ಹುಲಿಗೆಮ್ಮನ ತಮ್ಮನ ಊರಿಗೆ ಹೊರಟುಹೋದರು ಎಂದು ಕ್ರಾಂತಿಗೆ ಬಸ್ಸಿನಲ್ಲಿ ತಿಳಿಯಿತು. ಲ್ಯಾಬಿಗೆ ಎಂದು ಸೀಸೆಯಲ್ಲಿ ತುಂಬಿದ್ದ ನೀರು ಯಾವ ಮೇಜಿನ ಮೇಲೆ ಉಳಿಯಿತೋ, ವರದಿಯಂತೂ ಬರಲಿಲ್ಲ. ಆ ಬೆಳಿಗ್ಗೆ ಮೀಟರ್ ತೋರಿಸಿದ ಅಂಕಿಯನ್ನು ಅವಳೂ ಫಾರಂನಲ್ಲಿ ತುಂಬಿ ಕಳಿಸಲಿಲ್ಲ.

ಅವಳಿಗೆ ಊಟ ಸೇರುತ್ತಿರಲಿಲ್ಲ. ಕಡೆಗೆ ಒಂದು ಸಂಜೆ ಅಪ್ಪನಿಗೆ ಎಲ್ಲ ಹೇಳಿದಳು, ಬೈಕಿನಿಂದ ಹಿಡಿದು. ದುರುಗಪ್ಪ ಅಂಗಳದ ಕಟ್ಟೆಯ ಮೇಲೆ ಕೂತು ಕೇಳಿದರು. ಅವರು ಬೈಯುತ್ತಾರೆ ಎಂದು ಅವಳು ಕಾದಿದ್ದಳು. ಹಳಿಯ ಒಂದು ಬೋಲ್ಟ್ ಸಡಿಲಿದ್ದರೂ ಬರೆದಿಡದೆ ಮನೆಗೆ ಬಾರದ ಮನುಷ್ಯ ಅವರು. ಅವರು ಬೀದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿ, “ಯಾರಿಗೂ ಹೇಳಬ್ಯಾಡ,” ಎಂದರು. “ಕೆಲಸ ಹೋಗತೈತಿ. ಇಂಥವರನ್ನ ತಗೊಂಡ್ರ ಹಿಂಗ ಅಂತ ನಮ್ಮ ಕೇರಿ ಮಂದೀನ ಎಲ್ಲಾರ್ನೂ ಅಂತಾರ.”

ಅಪ್ಪನ ಬಾಯಲ್ಲಿ ಆ ಮಾತು ಬರುವ ಹಾಗೆ ತಾನು ಮಾಡಿದೆನಲ್ಲ ಎಂದು ಅವಳಿಗೆ ಕೆರೆಯ ದಂಡೆಯಲ್ಲಿ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅವರಿಗೂ ಆಗಿರಬೇಕು. ಮುಂದಿನ ನಾಲ್ಕೈದು ದಿನ ಅವರು ಅವಳು ಎದ್ದು ಹೊರಗೆ ಬರುವ ಮುಂಚೆಯೇ ಚಹಾ ಕುಡಿದು ಸ್ಟೇಷನ್ ಕಡೆ ಹೋಗಿಬಿಡುತ್ತಿದ್ದರು.

ಜೂನ್ ಎರಡನೆಯ ವಾರ ಗೀತಾಂಜಲಿ ಮೇಡಂ ಫೋನ್ ಮಾಡಿದರು. ವರ್ಷದ ವರದಿ ಬರೆಯುತ್ತಿದ್ದರು. ಮುತ್ತುಗದಕಟ್ಟೆಯ ಅಂಕಿಗಳು ತಮಗೆ ಆಶ್ಚರ್ಯ ತಂದಿವೆ ಎಂದರು. ಅಷ್ಟು ಸೆಕೆಯಲ್ಲೂ ನಸುಕಿನ ಆಮ್ಲಜನಕ ಒಮ್ಮೆಯೂ ನಾಲ್ಕಕ್ಕಿಂತ ಇಳಿದಿಲ್ಲ, ಹಾಗಿದ್ದೂ ಮೀನು ಸತ್ತಿವೆ ಎಂದರೆ ಅದು ಹವಾಮಾನದಿಂದ ಆದದ್ದಲ್ಲ. ಊರಿನಲ್ಲಿ ಒಬ್ಬನ ಮೇಲೆ ಅನುಮಾನವಿತ್ತಲ್ಲ, ಅದೇ ನಿಜವಿರಬೇಕು, ವಿಷಪ್ರಾಶನದ ಶಂಕೆ ಎಂದು ಬರೆಯುತ್ತೇನೆ ಎಂದರು. ಕ್ರಾಂತಿ ಸರಿ ಮೇಡಂ ಎಂದು ಫೋನ್ ಇಟ್ಟಳು.

ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿದಳು. ಆ ಬೆಳಿಗ್ಗೆ ಜನ ಕೂಗಿದ್ದು ಒಂದು ಊರಿನ ಮಾತು, ಹತ್ತು ವರ್ಷಕ್ಕೆ ಮರೆತುಹೋಗಬಹುದಾದದ್ದು. ಈಗ ಅದು ಅಚ್ಚಾಗುತ್ತದೆ. ಅವಳು ಬೇವಿನ ಮರದ ಕೆಳಗೆ ಕೂತು ಕಳೆದು ಬರೆದ ಅಂಕಿಗಳು ಬಿಸಿಲನ್ನೂ ಹೂಳನ್ನೂ ಗೊಬ್ಬರದ ನೀರನ್ನೂ ಬಿಟ್ಟುಕೊಟ್ಟು ಗಾಳೆಪ್ಪನನ್ನು ಹಿಡಿದುಕೊಡುತ್ತವೆ. ಒಂದು ತಾಸಿನ ಮೇಲೆ ಅವಳೇ ಫೋನ್ ಮಾಡಿದಳು. ಮೀನು ಸಾಯುವ ಮುಂಚಿನ ಹದಿನಾಲ್ಕು ವಾರದ ನಸುಕಿನ ಅಂಕಿಗಳು ನಿಜವಲ್ಲ, ನಾನು ಹೋಗಿರಲಿಲ್ಲ ಎಂದಳು.

ಮೇಡಂ ಯಾವ ತಾರೀಖಿನಿಂದ ಎಂದು ಕೇಳಿದರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಕಾರಣ ಕೇಳಿದಾಗ ಬೈಕಿನ ಸಂಗತಿ ಹೇಳಿದಳು. ಅದನ್ನು ನೀನು ಹೇಳಿದ್ದರೆ ನಾವು ಜೀಪ್ ಕಳಿಸುತ್ತಿದ್ದೆವು ಎಂದರು ಮೇಡಂ. ಅದು ನಿಜವಾಗಿತ್ತು. ಅವಳಿಗೆ ಅದು ಆಗಲೂ ಗೊತ್ತಿತ್ತು. ಎಲ್ಲವನ್ನೂ ಬರೆದು ಕಳಿಸಲು ಹೇಳಿ, ಆ ಕೆರೆಯನ್ನೇ ಅಧ್ಯಯನದಿಂದ ಕೈಬಿಡೋಣ, ಊರಿನವರಿಗೆ ಹೇಳಿ ಗೊಂದಲ ಮಾಡುವುದು ಬೇಡ ಎಂದರು. ತಿಂಗಳ ಕೊನೆಗೆ ನಿನ್ನ ಕೆಲಸವೂ ಮುಗಿಯುತ್ತದೆ ಎಂದರು.

ಊರಿನವರಿಗೆ ಹೇಳುವುದು ಬೇಡ ಎಂಬುದನ್ನು ಅವಳು ಪಾಲಿಸಲಿಲ್ಲ. ಮರುದಿನ ಸಂಘದ ಕೋಣೆಗೆ ಹೋಗಿ, ಪಾಲಾಕ್ಷಪ್ಪನಿಗೆ ಹೇಳಿ ಜನರನ್ನು ಸೇರಿಸಿ, ಎದ್ದು ನಿಂತು ಹೇಳಿದಳು. ಕಪ್ಪು ಗೋಡೆಗೆ ಬೆನ್ನು ಮಾಡಿ ನಿಂತಿದ್ದಳು. ಅರ್ಧಕ್ಕೆ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದಳು. ತಾನು ಬಂದಿರಲಿಲ್ಲ, ಬಂದಿದ್ದೆ ಅಂದದ್ದು ಸುಳ್ಳು, ಗಾಳೆಪ್ಪ ಹೇಳಿದ್ದೆಲ್ಲ ಖರೆ, ನೀರಿನಲ್ಲಿ ಉಸಿರು ಮುಗಿದು ಮೀನು ಸತ್ತವು, ಯಾರೂ ಏನೂ ಬೆರೆಸಿಲ್ಲ.

ಅವರು ತನ್ನ ಮೇಲೆ ಬೀಳುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಎಲ್ಲರೂ ನೆಲ ನೋಡುತ್ತಿದ್ದರು. ಪಾಲಾಕ್ಷಪ್ಪ ಕೆಮ್ಮಿ, “ಆಗಿದ್ದು ಆತು ಬಿಡವ್ವ,” ಎಂದ, “ಈಗ ಕೆದರಿ ಏನ್ ಮಾಡೋದು.” ಅವರಿಗೂ ಈ ಸತ್ಯ ಬೇಕಿರಲಿಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು. ಅವಳ ಸುಳ್ಳು ಬಯಲಾದರೆ ಹರಿಗೋಲು ಸೀಳಿದ ಕುಡುಗೋಲೂ ಬಯಲಾಗುತ್ತಿತ್ತು.

ಹಿಂದೆ ಕೂತಿದ್ದ ಒಬ್ಬ ಮುದುಕಿ ಮಾತ್ರ, “ಪಟ್ಟಿಯಾಗ ಹೆಸರು ಹಚ್ಚೋಕಾದ್ರೂ ಏನು ಧಾಡಿ ನಿಮಗ?” ಎಂದಳು. ಅಷ್ಟಾದ ಮೇಲೆ ಪಾಲಾಕ್ಷಪ್ಪ ಒಂದು ಕಾಗದ ಬರೆಸಿದ. ಗಾಳೆಪ್ಪ ಮತ್ತೆ ಸಂಘದ ಸದಸ್ಯ, ಊರಿಗೆ ಬರಬಹುದು. ಕ್ಷಮಿಸು ಎಂಬ ಮಾತು ಅದರಲ್ಲಿ ಇರಲಿಲ್ಲ. ಅದನ್ನು ಒಯ್ದು ಕೊಡುವವರು ಯಾರು ಎಂದಾಗ ಕ್ರಾಂತಿ ಕೈ ಚಾಚಿದಳು.

ಹಡಗಲಿ ಬಸ್ಸು ಹತ್ತುವ ದಿನ ದುರುಗಪ್ಪ ಸ್ಟ್ಯಾಂಡಿನವರೆಗೂ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು, “ನಾ ಅವತ್ತ ಹೇಳಿದ್ದು ಬರೋಬ್ಬರಿ ಇರಲಿಲ್ಲ,” ಎಂದಷ್ಟೇ ಹೇಳಿದರು. ಅವಳು ತಲೆಯಾಡಿಸಿದಳು.

ಹಡಗಲಿಯಲ್ಲಿ ಇಳಿದು ಆಟೊ ಹಿಡಿದು ಹೊಳೆ ಕಡೆ ಹೋಗಿ, ಕೇಳುತ್ತ ಕೇಳುತ್ತ ತಲುಪಿದ್ದು ಊರ ಹೊರಗಿನ ಒಂದು ತಗಡಿನ ಮನೆ. ಮುಂದೆ ಬೇಲಿಯ ಮೇಲೆ ಬಲೆ ಹರವಿ ಹುಲಿಗೆಮ್ಮ ಕಸ ಬಿಡಿಸುತ್ತಿದ್ದಳು. ಕ್ರಾಂತಿಯನ್ನು ಕಂಡು ಗುರುತು ಹಿಡಿದಳು, ಮಾತಾಡಿಸಲಿಲ್ಲ, ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಿಟ್ಟು ಮತ್ತೆ ಬಲೆಗೆ ಕೈ ಹಾಕಿದಳು. ಗಾಳೆಪ್ಪ ಹೊಳೆಯಿಂದ ಬಂದ. ಇನ್ನಷ್ಟು ಸೊರಗಿದ್ದ. ಬರ್ರವ್ವ, ಕೂಡ್ರಿ ಎಂದು ತಾನೇ ಚಾಪೆ ಹಾಕಿದ.

ಅವಳು ಕೂರದೆ ನಿಂತೇ ಎಲ್ಲ ಹೇಳಿದಳು. ಎರಡನೆಯ ಸಲ ಹೇಳುತ್ತಿದ್ದರೂ ಸಲೀಸಾಗಿ ಬರಲಿಲ್ಲ. ಹೇಳಿ ಕಾಗದ ಕೊಟ್ಟಳು. ಗಾಳೆಪ್ಪ ಅದನ್ನು ಬಿಚ್ಚದೆ ಮೊಣಕಾಲ ಮೇಲೆ ಇಟ್ಟುಕೊಂಡ.

“ನನಗ ಅವತ್ತ ಗೊತ್ತಿತ್ತು,” ಎಂದ. “ಸಭಾದಾಗ ನೀ ಕೋಡಿ ಕಡಿ ಬರ್ತೀನಿ ಅಂದಾಗ. ಕೋಡಿ ದಂಡ್ಯಾಗ ಕೆಸರು ಮೊಣಕಾಲ ಮಟ ಐತಿ, ಅಲ್ಲಿ ಯಾರೂ ನಿಂದ್ರಾಕ ಬರಂಗಿಲ್ಲ.”

ಕ್ರಾಂತಿ ಕೇಳಿದಳು, “ಮತ್ತ ಯಾಕ ಹೇಳಲಿಲ್ರಿ?”

“ಇಪ್ಪತ್ತು ಮಂದಿ ಮುಂದ ಒಂದು ಹೆಣ್ಣುಮಗಳನ್ನ ಸುಳ್ಳು ಹೇಳ್ತಾಳ ಅನ್ನೋದು ಹೆಂಗ ಅಂತ ಸುಮ್ಮನಾದೆ. ಓದಿದ ಹುಡುಗಿ, ನಾಳೆ ಅದ ಮಂದಿ ಮುಂದ ಓಡಾಡಬೇಕು.” ಅವನು ಕಾಗದದ ಅಂಚನ್ನು ಬೆರಳಿನಿಂದ ಸವರಿದ. “ಅವತ್ತ ನಾ ಬಾಯಿ ಬಿಟ್ಟಿದ್ರ ಮೀನು ಉಳೀತಿದ್ವು. ತಪ್ಪು ನಂದೂ ಐತಿ.”

ಅವಳ ಮರ್ಯಾದೆ ಉಳಿಸಲು ಅವನು ಸುಮ್ಮನಾಗಿದ್ದ. ಅವನು ಕೈ ತೋರಿಸಿ ಕೇಳಿದ ಬೆಳಿಗ್ಗೆ ಅವಳು ತನ್ನ ಮರ್ಯಾದೆ ಉಳಿಸಿಕೊಳ್ಳಲು ಸುಮ್ಮನಾಗಿದ್ದಳು. ಅವಳು ಚಾಪೆಯ ಮೇಲೆ ಕೂತಳು.

“ನಿಂದೇನೂ ಇಲ್ಲ,” ಎಂದಳು ಹುಲಿಗೆಮ್ಮ ಗಂಡನಿಗೆ, ಬಲೆಯಿಂದ ಕಣ್ಣೆತ್ತದೆ. ಆಮೇಲೆ ಕ್ರಾಂತಿಯ ಕಡೆ ತಿರುಗಿ ಮೊದಲ ಸಲ ಮಾತಾಡಿದಳು. “ಅವನ್ನ ಟೇಷನ್ನಿನ್ಯಾಗ ಕೂಡ್ಸಿದ ಎರಡು ದಿನ ನಾ ಗೇಟಿನ ಮುಂದ ಕುಂತಿದ್ದೆ. ನೀ ಎಲ್ಲಿದ್ದಿ?”

“ಮನ್ಯಾಗಿದ್ದೆ,” ಎಂದಳು ಕ್ರಾಂತಿ.

ಹುಲಿಗೆಮ್ಮ ಆ ಉತ್ತರವನ್ನು ಕೇಳಿಸಿಕೊಂಡಳು. ಬಲೆಯ ಇನ್ನೊಂದು ತುದಿ ಎಳೆದುಕೊಂಡಳು.

ಗಾಳೆಪ್ಪ ಕಾಗದವನ್ನು ಒಳಗೆ ಇಟ್ಟು ಬಂದ. ಊರಿಗೆ ಬರುತ್ತೀರಾ ಎಂದು ಅವಳು ಕೇಳಿದಾಗ ಈ ವರ್ಷ ಇಲ್ಲ ಎಂದ. ಅಲ್ಲಿ ಮತ್ತೆ ಮರಿ ಬಿಟ್ಟು ಬೆಳೆಯುವ ಮುಂಚೆ ಹೂಳು ತೆಗೆಸಬೇಕು, ಒಟ್ಟಿಗೆ ಅಷ್ಟು ಮರಿ ಬಿಡಬಾರದು, ಅದನ್ನು ಸಂಘದವರಿಗೆ ಹೇಳು ಎಂದ. ಇಲ್ಲಿ ಹೊಳೆಯಲ್ಲೂ ಮೀನು ಮೊದಲಿನ ಹಾಗಿಲ್ಲ, ಆದರೆ ನೀರು ಹರಿಯುತ್ತದೆ, ಉಸಿರಾಡುತ್ತದೆ ಎಂದ. ಅವನ ದನಿಯಲ್ಲಿ ಸಿಟ್ಟು ಹುಡುಕಿದರೂ ಅವಳಿಗೆ ಸಿಗಲಿಲ್ಲ, ಕ್ಷಮೆಯೂ ಸಿಗಲಿಲ್ಲ. ಕೆಲಸದ ಮಾತಷ್ಟೇ ಇತ್ತು.

ಬಸ್ಸಿನ ರಸ್ತೆಯವರೆಗೂ ಅವನು ಬಂದ. ಬೇಡ ಎಂದರೂ ಕೇಳಲಿಲ್ಲ. ಬಸ್ಸು ತುಂಬಿತ್ತು. ಅವನು ಕಂಡಕ್ಟರಿಗೆ, ನಮ್ಮ ಕಡೆಯವರು, ಕೊಟ್ಟೂರಿಗೆ ಹೋಗಬೇಕು, ಒಂದು ಸೀಟು ನೋಡ್ರಿ ಎಂದು ಹೇಳಿದ್ದನ್ನು ಅವಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಇಟ್ಟಿಗಿಯವರೆಗೂ ಅವಳು ತನ್ನ ಕೈಗಳನ್ನು ನೋಡುತ್ತ ಕೂತಿದ್ದಳು. ಅಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸು ಮಾತಿನ ಮನುಷ್ಯಳು. ತನ್ನ ಮಗಳ ಬಾಣಂತನದ ಕತೆ ಹೇಳಿ, ನೀವು ಯಾರ ಮನಿಗೆ ಬಂದಿದ್ರಿ, ಬಳಗ ಏನು ಎಂದು ಕೇಳಿದಳು. ಹೌದು ಎಂದರೆ ಮುಗಿಯುತ್ತಿತ್ತು.

“ಬಳಗ ಅಲ್ರಿ,” ಎಂದಳು ಕ್ರಾಂತಿ. “ಗಾಳೆಪ್ಪ ಅಂತ ಅದಾರ. ಅವರಿಗೆ ನಾನು ಅನ್ಯಾಯ ಮಾಡೀನಿ. ಅದನ್ನ ಹೇಳಾಕ ಬಂದಿದ್ದೆ.”

ಹೆಂಗಸು ಅವಳ ಮುಖವನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು.